ಹರಾಜು ಪಟ್ಟಿಯಲ್ಲಿ ಇಲ್ಲದವರು

1973ರ ಬೇಸಿಗೆ. ಬರದ ವರ್ಷ ದಾಟಿ ಬಂದ ನಮ್ಮ ಕೇರಿಯಲ್ಲಿ ಯಾರ ಮನೆಯಲ್ಲೂ ಕಾಳು ಉಳಿದಿರಲಿಲ್ಲ. ಎತ್ತಿಗೆ ಅಂತ ಸೊಸೈಟಿಯಲ್ಲಿ ತೆಗೆದ ಸಾಲ ಅಪ್ಪನ ತಲೆ ಮೇಲಿತ್ತು. ಎತ್ತು ಸತ್ತಿತ್ತು, ಸಾಲ ಬದುಕಿತ್ತು. ಅಪ್ಪ ಊರಿನ ಕುಳವಾಡಿ. ಕೆರೆ ಮೀನಿನ ಹರಾಜಿರಲಿ, ಹುಣಸೆ ಮರದ ಹರಾಜಿರಲಿ, ತಮಟೆ ಹೊಡೆದು ಸಾರುವ ಕೆಲಸ ಅವನದು. ಆ ದಿನ ಬೆಳಿಗ್ಗೆ ಅಮೀನ ಜಪ್ತಿಗೆ ಬಂದ. ಅಪ್ಪ ಮೂರು ಬೀದಿ ಸುತ್ತಿ, ತನ್ನ ಮನೆಯ ಪಾತ್ರೆಗಳ ಹರಾಜನ್ನು ತಾನೇ ಸಾರಿ ಬಂದು ಬಾಗಿಲ ಬಳಿ ನಿಂತ.

ಗುಮಾಸ್ತ ಅಂಗಳದಲ್ಲಿ ಕೂತು ಪಟ್ಟಿ ಬರೆಯತೊಡಗಿದ. ಒಳಗಿನಿಂದ ತಾಮ್ರದ ಹಂಡೆ ಬಂತು. ಅವ್ವ ಹೇಳಿದಳು: "ಅದು ನಮ್ಮತ್ತೇದು ಬುದ್ಧಿ. ಅವರವ್ವ ಮದುವೇಲಿ ಕೊಟ್ಟಿದ್ದಂತೆ. ಹಳೇದಾದ್ರೂ ಗಟ್ಟಿ ಅದೆ." ಗುಮಾಸ್ತ ಅಷ್ಟನ್ನೂ ಕೇಳಿಸಿಕೊಂಡು ಬರೆದದ್ದು ಇಷ್ಟು: 'ತಾಮ್ರದ ಹಂಡೆ 1, ಹಳೆಯದು.' ಒಂದು ಸಾರಿ, ಎರಡು ಸಾರಿ, ಮೂರು ಸಾರಿ. ಹದಿನೆಂಟು ರೂಪಾಯಿಗೆ ಹಂಡೆ ಹೋಯಿತು. ಹೊಸದಾಗಿದ್ದರೆ ಇನ್ನೊಂದಷ್ಟು ಬರುತ್ತಿತ್ತು ಅಂತ ಅಮೀನನೇ ಮರುಗಿದ.

ಆ ಹಂಡೆ ನನಗೆ ಮತ್ತೆ ನೆನಪಾದದ್ದು ಎಷ್ಟೋ ವರ್ಷಗಳ ಮೇಲೆ, ಪೇಪರಿನಲ್ಲಿ ಲಂಡನ್ನಿನ ಒಂದು ಹರಾಜಿನ ಸುದ್ದಿ ಓದಿದಾಗ. 2023ರ ಮೇ 23ರಂದು ಬಾನಮ್ಸ್ ಎಂಬ ಹರಾಜು ಕಂಪನಿ ಟಿಪ್ಪು ಸುಲ್ತಾನನ ಮಲಗುವ ಕೋಣೆಯ ಕತ್ತಿಯನ್ನು ಸವಾಲಿಗೆ ಇಟ್ಟಿತು. 15ರಿಂದ 20 ಲಕ್ಷ ಪೌಂಡು ಬರಬಹುದು ಅಂತ ಅವರ ಅಂದಾಜು. ಹೋದದ್ದು 1 ಕೋಟಿ 40 ಲಕ್ಷ ಪೌಂಡಿಗೆ. ನಮ್ಮ ಲೆಕ್ಕದಲ್ಲಿ 140 ಕೋಟಿ ರೂಪಾಯಿಗೂ ಮೇಲೆ. ಅಲ್ಲಿ ಆ ಬೆಲೆ ತಂದದ್ದು ಯಾವುದು? 'ಹಳೆಯದು' ಎಂಬ ಅದೇ ಮಾತು. ನಮ್ಮ ಅಂಗಳದಲ್ಲಿ ಬೆಲೆ ಇಳಿಸಿದ ಮಾತು ಲಂಡನ್ನಿನಲ್ಲಿ ಬೆಲೆ ಏರಿಸಿತು. ಅವ್ವ ಬಾಯಲ್ಲಿ ಹೇಳಿದ ವಂಶಾವಳಿಯನ್ನು ನಮ್ಮ ಗುಮಾಸ್ತ ಬರೆಯಲಿಲ್ಲ. ಲಂಡನ್ನಿನ ಗುಮಾಸ್ತರು ಒಂದಕ್ಷರ ಬಿಡದೆ ಬರೆಯುತ್ತಾರೆ. ಆದರೆ ಯಾರ ವಂಶಾವಳಿಯನ್ನು? ಈ ಲೇಖನದಲ್ಲಿ ನಾನು ಕೇಳಬೇಕೆಂದಿರುವುದು ಇದೊಂದೇ ಪ್ರಶ್ನೆ.

ಹರಾಜು ಕಂಪನಿಗಳ ಕ್ಯಾಟಲಾಗು ಬರೆಯುವುದಕ್ಕೆ ಒಂದು ರೀತಿ ಇದೆ. ಮೊದಲು ಲಾಟಿನ ನಂಬರು. ಆಮೇಲೆ ವಸ್ತು ಯಾವುದು, ಯಾವ ಲೋಹ, ಎಷ್ಟು ಉದ್ದ, ಎಷ್ಟು ತೂಕ, ಎಲ್ಲಿ ಸವೆದಿದೆ, ಎಲ್ಲಿ ರಿಪೇರಿಯಾಗಿದೆ. ಆಮೇಲೆ ಬರುವುದೇ ಮುಖ್ಯವಾದ ಭಾಗ: ಅದು ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಚರಿತ್ರೆ. ಈ ಚರಿತ್ರೆ ಗಟ್ಟಿಯಾಗಿದ್ದಷ್ಟೂ ಬೆಲೆ ಹೆಚ್ಚು. ಕೊನೆಗೆ ಅಂದಾಜು ಬೆಲೆ. ಈ ವಿದ್ಯೆಯಲ್ಲಿ ಅವರು ಪಳಗಿದವರು. ಸದಬೀಸ್ ಶುರುವಾದದ್ದು 1744ರಲ್ಲಿ, ಕ್ರಿಸ್ಟೀಸ್ 1766ರಲ್ಲಿ, ಬಾನಮ್ಸ್ 1793ರಲ್ಲಿ. ಈಸ್ಟ್ ಇಂಡಿಯಾ ಕಂಪನಿ ನಮ್ಮ ಸೀಮೆಗಳನ್ನು ಒಂದೊಂದಾಗಿ ನುಂಗುತ್ತಿದ್ದ ಕಾಲವೂ ಅದೇ. ಒಂದು ಕಂಪನಿ ತಂದದ್ದನ್ನು ಇನ್ನೊಂದು ಕಂಪನಿ ಮಾರುವುದು ಆಗಿನಿಂದ ನಡೆದು ಬಂದಿದೆ.

ಟಿಪ್ಪುವಿನ ವಸ್ತುಗಳ ಚರಿತ್ರೆ ಕ್ಯಾಟಲಾಗಿನಲ್ಲಿ ಶುರುವಾಗುವುದು 1799ರ ಮೇ 4ರಿಂದ. ಅವತ್ತು ಮಧ್ಯಾಹ್ನ ಶ್ರೀರಂಗಪಟ್ಟಣದ ಕೋಟೆ ಬಿತ್ತು. ಸುಲ್ತಾನ ನೀರು ಬಾಗಿಲ ಹತ್ತಿರ ಹೆಣಗಳ ನಡುವೆ ಹೆಣವಾಗಿ ಬಿದ್ದಿದ್ದ. ಆ ರಾತ್ರಿಯೆಲ್ಲ ಊರು ಲೂಟಿಯಾಯಿತು. ಮರುದಿನ ಪಟ್ಟಣದ ಅಧಿಕಾರ ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿ ಕೆಲವರನ್ನು ನೇಣಿಗೆ ಹಾಕಿ, ಹಲವರನ್ನು ಚಾಟಿಯಿಂದ ಹೊಡೆಸಿ ಲೂಟಿ ನಿಲ್ಲಿಸಿದ. ಲೂಟಿಯಾಗದ ಮನೆಯೇ ಇಲ್ಲವೆನ್ನಬಹುದು ಅಂತ ತನ್ನ ಅಣ್ಣ ಗವರ್ನರ್ ಜನರಲನಿಗೆ ಅವನೇ ಕಾಗದ ಬರೆದ. ನಿಂತದ್ದು ಬಿಡಿ ಲೂಟಿ. ಆಮೇಲೆ ನಡೆದದ್ದು ಇಡಿ ಲೂಟಿ. ಅದಕ್ಕೊಂದು ಸಮಿತಿ, ಸಮಿತಿಗೆ ಏಜೆಂಟರು, ಏಜೆಂಟರಿಗೊಂದು ಪಟ್ಟಿ. 'ಪ್ರೈಜು' ಎಂಬುದು ಅವರ ಭಾಷೆ. ಅಂದರೆ ಬಹುಮಾನ. ಯುದ್ಧದಲ್ಲಿ ಸಿಕ್ಕಿದ್ದನ್ನು ಪಟ್ಟಿ ಮಾಡಿ, ಹರಾಜು ಕೂಗಿ, ಬಂದ ಹಣವನ್ನು ದರ್ಜೆಯ ಪ್ರಕಾರ ಹಂಚುವುದು. ಒಬ್ಬ ಸಿಪಾಯಿ ಜೇಬಿಗೆ ಹಾಕಿಕೊಂಡರೆ ನೇಣು, ಸಮಿತಿ ಗಾಡಿಗೆ ತುಂಬಿದರೆ ಬಹುಮಾನ.

ಅರಮನೆಯಲ್ಲಿ ಟಿಪ್ಪುವಿನ ಸಿಂಹಾಸನವಿತ್ತು. ಎಂಟು ಮೂಲೆಯದು, ಮರಕ್ಕೆ ಬಂಗಾರದ ತಗಡು ಹೊದಿಸಿದ್ದು. ಮುಂದೆ ದೊಡ್ಡ ಹುಲಿಯ ತಲೆ, ಕಟಾಂಜನದ ಮೇಲೆ ರತ್ನ ಕೆತ್ತಿದ ಎಂಟು ಚಿಕ್ಕ ಹುಲಿತಲೆ, ಛತ್ರಿಯ ಮೇಲೆ ಹುಮಾ ಹಕ್ಕಿ. ಗವರ್ನರ್ ಜನರಲನಿಗೆ ಅದನ್ನು ಇಡಿಯಾಗಿ ತನ್ನ ರಾಜನಿಗೆ ಕಳಿಸುವ ಆಸೆ. ಸುದ್ದಿ ಮುಟ್ಟುವ ಮೊದಲೇ ಏಜೆಂಟರು ಅದನ್ನು ತುಂಡು ಮಾಡಿಬಿಟ್ಟಿದ್ದರು. ಇಡಿ ಸಿಂಹಾಸನವನ್ನು ಹಂಚುವುದು ಹೇಗೆ? ತುಂಡಾದರೆ ಹಂಚಬಹುದು. ಹುಮಾ ಹಕ್ಕಿಯೂ ದೊಡ್ಡ ಹುಲಿತಲೆಯೂ ಇಂಗ್ಲೆಂಡಿನ ಅರಸರ ಮನೆ ಸೇರಿದವು. ಚಿಕ್ಕ ಹುಲಿತಲೆಗಳಲ್ಲಿ ಒಂದು ವೇಲ್ಸಿನ ಪೊವಿಸ್ ಕೋಟೆಯಲ್ಲಿದೆ. ಟಿಪ್ಪುವಿನ ಹೂಬಟ್ಟೆಯ ಡೇರೆಯೂ ಅದೇ ಕೋಟೆಗೆ ಹೋಯಿತು. ಅಲ್ಲಿನ ದೊರೆಗಳು ತೋಟದ ಪಾರ್ಟಿಗಳಿಗೆ ಅದನ್ನು ಚಪ್ಪರ ಮಾಡಿಕೊಂಡರು.

ಇನ್ನೊಂದು ಸಂಗತಿ ಇದೆ. ಸುಲ್ತಾನನ ಉಡುಪುಗಳನ್ನೂ ಹರಾಜು ಹಾಕುವ ಯೋಚನೆ ಇತ್ತು. ಅದು ಬೇಡ, ಜನ ಕೊಂಡುಕೊಂಡು ಪೂಜೆಯ ವಸ್ತು ಮಾಡಿಕೊಂಡಾರು ಅಂತ ವೆಲ್ಲೆಸ್ಲಿ ತಡೆದ. ವಸ್ತುವಿನ ಬೆಲೆ ತೂಕದಲ್ಲಿಲ್ಲ, ನೆನಪಿನಲ್ಲಿದೆ ಅನ್ನುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ನೆನಪು ನಮ್ಮ ಕೈಗೆ ಸಿಗಬಾರದು ಅಷ್ಟೆ.

ಈಗ ಹಂಚಿಕೆ ನೋಡಿ. ಒಟ್ಟು ಬಹುಮಾನ ಸುಮಾರು 11 ಲಕ್ಷ ಪೌಂಡು. ಅದರಲ್ಲಿ ಎಂಟನೇ ಒಂದು ಪಾಲು, ಅಂದರೆ 1 ಲಕ್ಷ 40 ಸಾವಿರ ಪೌಂಡಿಗೂ ಹೆಚ್ಚು, ಸೇನಾಪತಿ ಹ್ಯಾರಿಸ್ ಒಬ್ಬನಿಗೇ. ಅವನು ಆ ದುಡ್ಡಿನಲ್ಲಿ 1801ರಲ್ಲಿ ಕೆಂಟ್ ಸೀಮೆಯ ಬೆಲ್ಮಾಂಟ್ ಎಂಬ ದೊಡ್ಡ ಬಂಗಲೆ ಕೊಂಡ. ಬಿಳಿ ಸೈನಿಕನಿಗೆ ಸಿಕ್ಕಿದ್ದು ಸುಮಾರು 7 ಪೌಂಡು. ಕರಿಯ ಸಿಪಾಯಿಗೆ ಸುಮಾರು 5. ಡೇರೆ ಹೊತ್ತವರು, ಎತ್ತು ಹೊಡೆದವರು, ತೋಪಿನ ಗಾಡಿಗೆ ಹೆಗಲು ಕೊಟ್ಟವರು ಈ ಲೆಕ್ಕದಲ್ಲೇ ಇಲ್ಲ.

ದುಡ್ಡಿನಲ್ಲಿ ಮುಗಿಯಲಿಲ್ಲ. ಈ ಗೆಲುವಿಗೆ ಕಂಪನಿ ಒಂದು ಪದಕ ಮಾಡಿಸಿ 1808ರಲ್ಲಿ ಹಂಚಿತು. ಬ್ರಿಟಿಷ್ ಸಿಂಹ ಹುಲಿಯನ್ನು ಕೆಡವಿಕೊಂಡಿರುವ ಚಿತ್ರ. ಚಿತ್ರ ಎಲ್ಲರಿಗೂ ಒಂದೇ, ಲೋಹ ಮಾತ್ರ ಐದು. ದೊಡ್ಡ ದೊರೆಗಳಿಗೆ ಚಿನ್ನ. ಅವರ ಕೆಳಗಿನವರಿಗೆ ಚಿನ್ನದ ನೀರು ಕೊಟ್ಟ ಬೆಳ್ಳಿ. ಅವರ ಕೆಳಗೆ ಬೆಳ್ಳಿ. ಅದರ ಕೆಳಗೆ ಕಂಚು. ಕಟ್ಟಕಡೆಯ ಸಾಮಾನ್ಯ ಸಿಪಾಯಿಗೆ ತವರ. ಇಂಗ್ಲೆಂಡಿನಲ್ಲಿ ಕೂತು ಮಾಡಿದ ವರ್ಣಾಶ್ರಮ ಇದು. ಮನುವಿನ ಹೆಸರು ಕೇಳದವರೂ ಲೋಹದಲ್ಲಿ ಅದನ್ನೇ ಎರಕ ಹೊಯ್ದರು. ಐದನೆಯವನು ಇಲ್ಲೂ ಐದನೆಯವನೇ. ಈ ಪದಕಗಳೂ ಇವತ್ತು ಹರಾಜಿಗೆ ಬರುತ್ತವೆ. ಚಿನ್ನದ್ದಕ್ಕೆ ಜನ ಮುಗಿಬೀಳುತ್ತಾರೆ. ತವರದ್ದು ಅಗ್ಗ. ಸತ್ತು ಇನ್ನೂರು ವರ್ಷವಾದ ಮೇಲೂ ಸಿಪಾಯಿಯ ದರ್ಜೆ ಬದಲಾಗಿಲ್ಲ.

ಇಲ್ಲಿ ನಾವು ನಮಗೇ ಒಂದು ಕಷ್ಟದ ಮಾತು ಹೇಳಿಕೊಳ್ಳಬೇಕು. ಆ ಕರಿಯ ಸಿಪಾಯಿ ಯಾರು? ಆ ಕಾಲದಲ್ಲಿ ಕಂಪನಿಯ ಮದ್ರಾಸು ಸೈನ್ಯದಲ್ಲಿ ಪರಯರಿದ್ದರು. ಮುಂಬೈ ಸೈನ್ಯದಲ್ಲಿ ಮಹಾರರಿದ್ದರು. ಶ್ರೀರಂಗಪಟ್ಟಣವನ್ನು ಮುತ್ತಿದ ಪಡೆಗಳಲ್ಲಿ ಈ ಎರಡೂ ಸೈನ್ಯಗಳಿದ್ದವು. ಊರೊಳಗೆ ಕಾಲಿಡಲು ಬಿಡದಿದ್ದ ವ್ಯವಸ್ಥೆಯಿಂದ ತಪ್ಪಿಸಿಕೊಂಡು ಹೋದವನಿಗೆ ಕಂಪನಿ ಬೂಟು ಕೊಟ್ಟಿತು, ಬಂದೂಕು ಕೊಟ್ಟಿತು, ಸಂಬಳ ಕೊಟ್ಟಿತು. ಅವನನ್ನು ದ್ರೋಹಿ ಅನ್ನುವ ಹಕ್ಕು ಅವನಿಗೆ ನೀರು ಕೊಡದವರಿಗೆ ಇಲ್ಲ. ಆದರೆ ಅವನಿಗೆ ದಕ್ಕಿದ್ದು ಏನು ಅಂತ ಕೇಳುವ ಹಕ್ಕು ನಮಗಿದೆ. 5 ಪೌಂಡು ಮತ್ತು ಒಂದು ತವರದ ಬಿಲ್ಲೆ. ಕೋಟೆಯ ಒಳಗೂ ನಮ್ಮಂಥವರೇ ಸತ್ತರು, ಹೊರಗೂ ನಮ್ಮಂಥವರೇ ಸತ್ತರು. ಕ್ಯಾಟಲಾಗಿನಲ್ಲಿ ಎರಡು ಕಡೆಯ ದೊರೆಗಳು ಮಾತ್ರ ಉಳಿದರು.

ಮತ್ತೆ ಆ ಕತ್ತಿಗೆ ಬರೋಣ. ಅದರ ಮೇಲೆ ಎರಡು ಬರಹಗಳಿವೆ. ಒಂದು ಬಂಗಾರದ ಅಕ್ಷರದಲ್ಲಿ, ಒಡೆಯನ ಕತ್ತಿ ಎಂಬ ಅರ್ಥದ ಪಾರ್ಸಿ ಮಾತು. ಇನ್ನೊಂದು ಇಂಗ್ಲಿಷಿನಲ್ಲಿ: ಕೋಟೆಗೆ ನುಗ್ಗಿದ ಪಡೆಯ ನಾಯಕ ಬೇರ್ಡನಿಗೆ ಅವನ ಶೌರ್ಯ ಮೆಚ್ಚಿ ಸೈನ್ಯದ ಹೆಸರಿನಲ್ಲಿ ಅರ್ಪಿಸಿದ್ದು ಎಂದು. ಒಂದು ಇದ್ದವನ ಹೆಸರು, ಇನ್ನೊಂದು ಕಿತ್ತುಕೊಂಡವನ ಹೆಸರು. ಮಾಡಿದವನ ಹೆಸರು? ಅದಕ್ಕೆ ಜಾಗವಿಲ್ಲ. 'ಅರ್ಪಿಸಿದ್ದು' ಎಂಬ ಪದ ನೋಡಿ. ಸತ್ತವನ ಮಲಗುವ ಕೋಣೆಯಿಂದ ತೆಗೆದದ್ದು ಎರಡು ಕೈ ದಾಟುವಷ್ಟರಲ್ಲಿ ಕಾಣಿಕೆಯಾಯಿತು. ಮುಂದೆ ಬರುವ ಪದ 'ವಂಶಪಾರಂಪರ್ಯವಾಗಿ'. ತಾತ ಲೂಟಿ ಮಾಡಿದ್ದು ಮೊಮ್ಮಗನಿಗೆ ಪಿತ್ರಾರ್ಜಿತ. ಕಾನೂನೂ ಒಪ್ಪಿತು, ಸುತ್ತಿಗೆಯೂ ಒಪ್ಪಿತು.

ಹೀಗೆ ಒಪ್ಪಿ ಒಪ್ಪಿ ಮಾರಿದ ಪಟ್ಟಿ ಉದ್ದವಿದೆ. 2009ರಲ್ಲಿ ಸಿಂಹಾಸನದ ಒಂದು ಚಿಕ್ಕ ಹುಲಿತಲೆ ಬಾನಮ್ಸಿನಲ್ಲಿ 3 ಲಕ್ಷ 89 ಸಾವಿರ ಪೌಂಡಿಗೆ ಹೋಯಿತು. 2014ರಲ್ಲಿ ಕ್ರಿಸ್ಟೀಸ್ ಒಂದು ಬಂಗಾರದ ಉಂಗುರ ಮಾರಿತು. ತೂಕ 41.2 ಗ್ರಾಂ, ಮೇಲೆ ದೇವನಾಗರಿಯಲ್ಲಿ 'ರಾಮ' ಎಂಬ ಹೆಸರು. ಟಿಪ್ಪುವಿನ ಹೆಣದ ಬೆರಳಿನಿಂದ ತೆಗೆದದ್ದು ಎಂಬ ಹೇಳಿಕೆಯೊಂದಿಗೆ 1 ಲಕ್ಷ 45 ಸಾವಿರ ಪೌಂಡು. ಹೆಣದ ಬೆರಳು ಅನ್ನುವ ಮಾತು ಅಲ್ಲಿ ನಾಚಿಕೆಯಾಗಿ ಬರಲಿಲ್ಲ, ರುಜುವಾತಾಗಿ ಬಂತು. 2015ರ ಏಪ್ರಿಲಿನಲ್ಲಿ ಬಾನಮ್ಸ್ ಒಂದೇ ಸಂಗ್ರಹದ 30 ವಸ್ತು ಮಾರಿ 60 ಲಕ್ಷ ಪೌಂಡು ದಾಟಿಸಿತು. 2019ರಲ್ಲಿ ಬರ್ಕ್‌ಶೈರಿನ ಒಂದು ಮನೆಯಲ್ಲಿ, ಕಂಪನಿಯ ಒಬ್ಬ ಮೇಜರ್ ಹೊತ್ತು ತಂದಿದ್ದ ಸಾಮಾನು ಸಿಕ್ಕಿ ಹರಾಜಾಯಿತು. ಅದರಲ್ಲಿ ಕತ್ತಿ, ಬಂದೂಕುಗಳ ಜೊತೆ ಒಂದು ಅಡಿಕೆ ಡಬ್ಬಿ. ಒಳಗೆ ಅಡಿಕೆ ಹಾಗೆಯೇ ಇತ್ತು, 220 ವರ್ಷ ಹಿಂದಿನದು. ಆ ಅಡಿಕೆಯ ಮರ ಹತ್ತಿದವನು, ಗೊನೆ ಇಳಿಸಿದವನು, ಸುಲಿದು ಬೇಯಿಸಿದ ಹೆಂಗಸು ಯಾರು? ಡಬ್ಬಿಗೆ ಚರಿತ್ರೆ ಸಿಕ್ಕಿತು, ಅಡಿಕೆಗೆ ಸಿಗಲಿಲ್ಲ.

ಎಲ್ಲಕ್ಕಿಂತ ಸೋಜಿಗದ್ದು 2021ರ ನವೆಂಬರಿನದು. ಹುಲಿತಲೆಗಳಲ್ಲಿ ಒಂದು ದೇಶದ ಹೊರಗೆ ಹೋಗುವ ಹಂತಕ್ಕೆ ಬಂದಾಗ ಬ್ರಿಟಿಷ್ ಸರ್ಕಾರ ಅದರ ರಫ್ತನ್ನು ತಾತ್ಕಾಲಿಕವಾಗಿ ತಡೆಯಿತು. ಬೆಲೆ 15 ಲಕ್ಷ ಪೌಂಡು, ಇಲ್ಲಿಯವರೇ ಯಾರಾದರೂ ಕೊಂಡು ಉಳಿಸಿಕೊಳ್ಳಿ, ಇದು ದೇಶಕ್ಕೆ ಮುಖ್ಯವಾದ ವಸ್ತು ಎಂದಿತು. ನಮ್ಮ ಕಡೆ ಒಂದು ಮಾತಿದೆ, ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರು ಅಂತ. ಇಲ್ಲಿ ಬಾಗಿಲು ಹಾಕಿದವರು ಕೊಳ್ಳೆ ಹೊಡೆದವರೇ.

ಹಾಗಾದರೆ ಇದೆಲ್ಲ ವಾಪಸು ಬಂದರೆ ನ್ಯಾಯ ಸಿಕ್ಕಂತೆಯೇ? 2003ರಲ್ಲಿ ಲಂಡನ್ನಿನ ಹರಾಜಿನಲ್ಲಿ ಟಿಪ್ಪುವಿನ ಕತ್ತಿ ಕೊಂಡೆನೆಂದು ಮದ್ಯದ ದೊರೆ ವಿಜಯ್ ಮಲ್ಯ 2004ರಲ್ಲಿ, ಚುನಾವಣೆಯ ಹೊತ್ತಿಗೆ, ಪ್ರಕಟಿಸಿದರು. ಕನ್ನಡ ನಾಡಿನ ಮಾನ ಮರಳಿತು ಅಂತ ಜೈಕಾರ ಬಿತ್ತು. 2018ರಲ್ಲಿ ಸಾಲ ಕೊಟ್ಟ ಬ್ಯಾಂಕುಗಳು ಲಂಡನ್ನಿನ ನ್ಯಾಯಾಲಯದಲ್ಲಿ ಅವರ ಆಸ್ತಿ ಲೆಕ್ಕ ಕೇಳಿದಾಗ ಗೊತ್ತಾದದ್ದು: ಆ ಕತ್ತಿ ಮನೆಗೆ ಕೇಡು ತಂದಿತೆಂದು 2016ರಲ್ಲೇ ಯಾರಿಗೋ ಕೊಟ್ಟುಬಿಟ್ಟಿದ್ದರಂತೆ. ಒಂದು ಅರಮನೆಯಿಂದ ಇನ್ನೊಂದು ಬಂಗಲೆಗೆ ಹೋದರೆ ಅದು ವಾಪಸು ಬಂದಂತಾಗುವುದಿಲ್ಲ ಸ್ವಾಮಿ.

ಟಿಪ್ಪುವಿನ ಬಗ್ಗೆಯೂ ನಾವು ಕಣ್ಣು ಮುಚ್ಚಿಕೊಳ್ಳಬೇಕಿಲ್ಲ. ಪರಂಗಿಯವರಿಗೆ ತಲೆ ಬಾಗಿಸದೆ ಸತ್ತವನು ಅವನು, ಆ ಗೌರವ ಅವನದೇ. ಆದರೆ ಸಿಂಹಾಸನಕ್ಕೆ ಹೊದಿಸಿದ ಬಂಗಾರ ಆಕಾಶದಿಂದ ಉದುರಲಿಲ್ಲ. ರೈತನ ಕಂದಾಯದಿಂದ, ಗೆದ್ದ ಸೀಮೆಗಳ ಸುಲಿಗೆಯಿಂದ ಬಂದದ್ದು. ಅರಸ ಯಾವ ಧರ್ಮದವನಾದರೂ ಅರಮನೆಯ ಬೊಕ್ಕಸಕ್ಕೆ ದಾರಿ ಹೊಲದಿಂದಲೇ ಹೋಗುತ್ತದೆ.

ಈಗ ಆ ಕತ್ತಿಯನ್ನು ಮರೆತು, ನಮ್ಮ ಸೀಮೆಯಲ್ಲಿ ಉಕ್ಕು ಹೇಗೆ ಆಗುತ್ತಿತ್ತು ಎಂಬುದನ್ನು ನೋಡಿ. ಕೋಟೆ ಬಿದ್ದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನನ್ನು ಕಂಪನಿ ನಮ್ಮ ಸೀಮೆ ಸುತ್ತಲು ಕಳಿಸಿತು. ಗೆದ್ದ ನೆಲದಲ್ಲಿ ಏನೇನು ಬೆಳೆಯುತ್ತದೆ, ಏನೇನು ತಯಾರಾಗುತ್ತದೆ ಅಂತ ಪಟ್ಟಿ ಮಾಡುವುದು ಅವನ ಕೆಲಸ. ಅದೂ ಒಂದು ಕ್ಯಾಟಲಾಗೇ. ಮಳೆಗಾಲದಲ್ಲಿ ಹಳ್ಳಕ್ಕೆ ಬರುವ ಕರಿ ಮರಳು ಜಾಲಿಸಿ ಕಬ್ಬಿಣ ಕರಗಿಸುವುದನ್ನು, ಚನ್ನಪಟ್ಟಣದಲ್ಲಿ ವಾದ್ಯಗಳಿಗೆ ಉಕ್ಕಿನ ತಂತಿ ಎಳೆಯುವುದನ್ನು ಅವನು ಬರೆದಿಟ್ಟ. ನಮ್ಮ ಸೀಮೆಯ ಉಕ್ಕಿನ ಕೆಲಸ ಹೀಗೆ: ಮಣ್ಣಿನ ಮೂಸೆಯೊಳಗೆ ಕಬ್ಬಿಣದ ಚೂರಿನ ಜೊತೆ ತಂಗಡಿ ಕಟ್ಟಿಗೆ, ಹಸಿ ಎಲೆ ಇಟ್ಟು, ಬಾಯಿಗೆ ಮಣ್ಣು ಮೆತ್ತಿ, ಕುಲುಮೆಯಲ್ಲಿ ಗಂಟೆಗಟ್ಟಲೆ ತಿದಿ ಒತ್ತಬೇಕು. ತಿದಿ ಅಂದರೆ ಚರ್ಮ. ಚರ್ಮ ಹದ ಮಾಡುವುದಕ್ಕೂ ಬೇಕಾದದ್ದು ಅದೇ ತಂಗಡಿಯ ತೊಗಟೆ. ಒಂದೇ ಗಿಡದ ಕಟ್ಟಿಗೆ ಉಕ್ಕಿಗೆ, ತೊಗಟೆ ತೊಗಲಿಗೆ. ಸತ್ತ ದನ ಹೊತ್ತು ತಂದು, ಸುಲಿದು, ತಂಗಡಿ ನೀರಿನಲ್ಲಿ ನೆನೆಹಾಕಿ ಹದ ಮಾಡಿದ ಕೈ ಇಲ್ಲದಿದ್ದರೆ ತಿದಿ ಊದುತ್ತಿರಲಿಲ್ಲ. ತಿದಿ ಊದದೆ ಉಕ್ಕಿಲ್ಲ, ಉಕ್ಕಿಲ್ಲದೆ ಒಡೆಯನ ಕತ್ತಿಯಿಲ್ಲ, ಕತ್ತಿಯ ಒರೆಗೂ ಅದೇ ಚರ್ಮ. ಮುಟ್ಟಬಾರದವರು ಮುಟ್ಟದ ಒಂದು ಆಯುಧವನ್ನಾದರೂ ಯಾವ ಅರಮನೆಯಲ್ಲಾದರೂ ತೋರಿಸಿ ನೋಡೋಣ.

ಹರಾಜಿಗೆ ಹೋಗದ ಚರಿತ್ರೆಯೂ ಒಂದಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಾಳುಬಾವಿಯ ಹೂಳು ತೆಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಟಿಪ್ಪುವಿನ ಕಾಲದ ರಾಕೆಟ್ಟುಗಳು. ಇಂಥವನ್ನೇ ಇಂಗ್ಲೆಂಡಿಗೆ ಹೊತ್ತೊಯ್ದು, ನೋಡಿ ಕಲಿತು, ಕಾಂಗ್ರೀವ್ ಎಂಬುವನು ಅವರ ಸೈನ್ಯಕ್ಕೆ ರಾಕೆಟ್ಟು ಮಾಡಿಕೊಟ್ಟ. ಆ ರಾಕೆಟ್ಟಿಗೆ ಇವತ್ತಿಗೂ ಅವನದೇ ಹೆಸರು. ಬಾವಿಯಲ್ಲಿ ಸಿಕ್ಕವು ತುಕ್ಕು ಹಿಡಿದ ಸಾದಾ ಕಬ್ಬಿಣ. ಬಂಗಾರವಿಲ್ಲ, ರತ್ನವಿಲ್ಲ, ದೊರೆಯ ಹೆಸರಿಲ್ಲ. ಕುಲುಮೆಯವನ ಸುತ್ತಿಗೆ ಬಿದ್ದ ನೇರ ಗುರುತು ಅದು. ನನ್ನ ಮಟ್ಟಿಗೆ ಆ ಒಂದು ಕೊಳವೆ ಆ 140 ಕೋಟಿಯ ಕತ್ತಿಗಿಂತ ಹೆಚ್ಚು ಮಾತಾಡುತ್ತದೆ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ. ನೂರು ವರ್ಷ ದಾಟಿದ ವಸ್ತುಗಳನ್ನು ದೇಶದಿಂದ ಹೊರಗೆ ಸಾಗಿಸಬಾರದೆಂಬ ನಮ್ಮ ಪ್ರಾಚ್ಯವಸ್ತು ಕಾಯಿದೆ ಆದದ್ದು 1972ರಲ್ಲಿ. ಅದಕ್ಕೆ ಮೊದಲೇ ಹೋದದ್ದು ಹೋದಂತೆಯೇ. ಆದರೆ ಜನ ಬಾಯಿ ಬಿಟ್ಟರೆ ಸುತ್ತಿಗೆ ನಿಲ್ಲುತ್ತದೆ ಅನ್ನುವುದಕ್ಕೂ ಸಾಕ್ಷಿ ಸಿಕ್ಕಿದೆ. ಉತ್ತರ ಪ್ರದೇಶದ ಪಿಪ್ರಾಹ್ವಾದಲ್ಲಿ 1898ರಲ್ಲಿ ಪೆಪ್ಪೆ ಎಂಬ ಬಿಳಿ ಜಮೀನ್ದಾರ ಒಂದು ಸ್ತೂಪ ಅಗೆಸಿದ. ಒಳಗೆ ಬುದ್ಧನ ಅಸ್ಥಿ, ಅದರ ಜೊತೆ ಭಕ್ತರು ಅರ್ಪಿಸಿದ ಮಣಿಗಳು. ಹೆಚ್ಚಿನ ಪಾಲು ಕಲ್ಕತ್ತೆಯ ವಸ್ತುಸಂಗ್ರಹಾಲಯಕ್ಕೆ ಹೋಯಿತು. ಐದನೇ ಒಂದರಷ್ಟು ಮಣಿಗಳನ್ನು 'ಡೂಪ್ಲಿಕೇಟು' ಎಂದು ಕರೆದು ಜಮೀನ್ದಾರನಿಗೇ ಬಿಟ್ಟರು. ಬುದ್ಧನ ಚಿತೆಯ ಬೂದಿಯ ಜೊತೆ ಇಟ್ಟ ಮಣಿಗೆ ಡೂಪ್ಲಿಕೇಟು ಇರುತ್ತದೆಯೇ? ಒಂದು ಪದ ಬರೆದದ್ದರಿಂದ ಕೈ ಬದಲಾಯಿತು. 2025ರ ಮೇ 7ರಂದು ಸದಬೀಸ್ ಅವನ್ನು ಹಾಂಗ್‌ಕಾಂಗಿನಲ್ಲಿ ಹರಾಜಿಗಿಟ್ಟಿತ್ತು. ಬೌದ್ಧರು ಆಕ್ಷೇಪಿಸಿದರು, ಭಾರತ ಸರ್ಕಾರ ನೋಟೀಸು ಕೊಟ್ಟಿತು, ಹರಾಜು ನಿಂತಿತು. ಜುಲೈ ತಿಂಗಳಲ್ಲಿ ಮಣಿಗಳು ದೇಶಕ್ಕೆ ಮರಳಿದವು. ಸುಮ್ಮನೆ ಮರಳಲಿಲ್ಲ, ಗೋದ್ರೆಜ್ ಉದ್ಯಮ ಹಣ ಕೊಟ್ಟು ಕೊಂಡಿತು. ಎಲ್ಲವನ್ನೂ ಬಿಟ್ಟು ಹೊರಟವನ ಮಣಿಯನ್ನೂ ದುಡ್ಡು ಕೊಟ್ಟೇ ಬಿಡಿಸಿಕೊಳ್ಳಬೇಕಾಯಿತು.

ಕೊನೆಗೆ ನಮ್ಮ ಅಂಗಳಕ್ಕೇ ಬರುತ್ತೇನೆ. ಆ ದಿನ ಹಂಡೆ ಹೋಯಿತು, ಕಂಚಿನ ತಣಿಗೆ ಹೋಯಿತು, ಗುದ್ದಲಿ ಹೋಯಿತು. ಒಂದು ವಸ್ತು ಮಾತ್ರ ಉಳಿಯಿತು. ಅಪ್ಪನ ತಮಟೆ. ಗುಮಾಸ್ತ ಅದನ್ನು ನೋಡಿದ. "ಅದು ಬ್ಯಾಡ ಬಿಡಿ" ಅಂದ. ತೊಗಲು ಮುಟ್ಟಬೇಕಾಗುತ್ತದಲ್ಲ. ಮುಟ್ಟಬಾರದ್ದು ಅನ್ನುವ ಕಾರಣಕ್ಕೇ ಅದು ಪಟ್ಟಿಯಿಂದ ತಪ್ಪಿಸಿಕೊಂಡಿತು. ಅಪ್ಪ ಸಾಯುವವರೆಗೂ ಅದನ್ನು ಬೆಂಕಿಗೆ ಹಿಡಿದು ಕಾಯಿಸಿ ಬಡಿದ.

ಈಗ ಪೇಟೆಯ ದೊಡ್ಡ ಹೋಟೆಲುಗಳ ಗೋಡೆಯ ಮೇಲೆ, ವಸ್ತುಸಂಗ್ರಹಾಲಯಗಳ ಗಾಜಿನೊಳಗೆ ತಮಟೆ ನೇತುಹಾಕಿರುವುದನ್ನು ಕಾಣುತ್ತೇನೆ. ಕೆಳಗೊಂದು ಚೀಟಿ: 'ಜಾನಪದ ಚರ್ಮವಾದ್ಯ, ಹಳೆಯದು.' ಅಷ್ಟೆ. ಮೊನ್ನೆ ನಾನು ಮನೆಯ ಅಟ್ಟದಿಂದ ನಮ್ಮ ತಮಟೆ ಇಳಿಸಿ, ದೂಳು ಒರೆಸಿ, ಒಂದು ಚೀಟಿ ಬರೆದು ಅಂಟಿಸಿದೆ. ಮರದ ಬಳೆ ಬಾಗಿಸಿದವನ ಹೆಸರು, ತೊಗಲು ಹದ ಮಾಡಿದ ತಾತನ ಹೆಸರು, ಬಡಿದ ಅಪ್ಪನ ಹೆಸರು, ಅವನು ಸಾರಿದ ಹರಾಜುಗಳು, ಅದರಲ್ಲಿ ತನ್ನದೇ ಮನೆಯದೂ ಒಂದು. ಹಂಡೆಯ ಬಗ್ಗೆ ಅವ್ವ ಹೇಳಿದ ಮಾತನ್ನೂ ಅಲ್ಲೇ ಬರೆದೆ, ಅದಕ್ಕೆ ಬೇರೆ ಜಾಗವಿಲ್ಲವಲ್ಲ. ಅಂದಾಜು ಬೆಲೆ ಅನ್ನುವ ಸಾಲು ಹಾಕಲಿಲ್ಲ.

ನಿಮ್ಮ ಮನೆಯಲ್ಲೂ ಕೂಡುಗೋಲೋ, ಒರಳೋ, ರಂಪಿಗೆಯೋ ಇದ್ದೀತು. ಗುಮಾಸ್ತ ಬರುವ ಮೊದಲು ನೀವೇ ಕೂತು ಬರೆಯಿರಿ.